ಲೇಸರ್ ಕೆತ್ತನೆ ಮತ್ತು ಕತ್ತರಿಸುವ ಯಂತ್ರ: ಸಾಲ ಮಾಡಿ ಕೊಳ್ಳುವ ಮುನ್ನ ತಿಳಿದಿರಬೇಕಾದ ಅಂಶಗಳು

ಅಡಿಕೆ ಹಾಳೆ, ತೆಂಗಿನ ಕರಟ, ಬಿದಿರು ಮುಂತಾದ ಉಪ ಉತ್ಪನ್ನಗಳ ಮೌಲ್ಯವರ್ಧನೆಗೆ ಲೇಸರ್ ಯಂತ್ರ ಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ತರಬೇತಿಗೆ ಬರುವ ಸ್ವಸಹಾಯ ಸಂಘಗಳ ಸದಸ್ಯೆಯರೂ ರೈತ ಉತ್ಪಾದಕರ ಸಂಸ್ಥೆಗಳ ಪದಾಧಿಕಾರಿಗಳೂ ಇತ್ತೀಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಮಾರಾಟದ ವಿಡಿಯೋಗಳಲ್ಲಿ ಈ ಯಂತ್ರವು ಮರ, ಗಾಜು, ಚರ್ಮ, ಉಕ್ಕು ಎಲ್ಲದರ ಮೇಲೂ ಸಲೀಸಾಗಿ ಕೆಲಸ ಮಾಡುವಂತೆ ಕಾಣುತ್ತದೆ. ವಾಸ್ತವ ಹಾಗಿಲ್ಲ. ಈ ಲೇಖಕನು ಬೇಸಾಯಶಾಸ್ತ್ರದವನೇ ಹೊರತು ಯಂತ್ರಶಾಸ್ತ್ರದವನಲ್ಲ. ಆದರೂ ಪ್ರಯೋಗ ತಾಕುಗಳ ನಾಮಫಲಕಗಳಿಗಾಗಿ ಹಲವು ವರ್ಷ ಇಂತಹ ಯಂತ್ರಗಳೊಡನೆ ವ್ಯವಹರಿಸಿ, ಒಂದು ದೊಡ್ಡ ತಪ್ಪನ್ನೂ ಮಾಡಿ ಕಲಿತದ್ದನ್ನು ಇಲ್ಲಿ ತಿಳಿಸಲಾಗಿದೆ.

ಬೆಳಕು ವಸ್ತುವನ್ನು ಹೇಗೆ ಕತ್ತರಿಸುತ್ತದೆ?

ಲೇಸರ್ ಯಂತ್ರದಲ್ಲಿ ಅಲಗು ಇರುವುದಿಲ್ಲ. ಮಸೂರವು ಬೆಳಕನ್ನು ಸಾಸಿವೆಗಿಂತಲೂ ಚಿಕ್ಕದಾದ ಒಂದು ಬಿಂದುವಿಗೆ ಕೂಡಿಸುತ್ತದೆ. ಆ ಬೆಳಕನ್ನು ವಸ್ತುವು ಹೀರಿಕೊಂಡರೆ ಅಲ್ಲಿ ಶಾಖ ಹುಟ್ಟಿ ವಸ್ತು ಕರಗುತ್ತದೆ, ಸುಡುತ್ತದೆ ಅಥವಾ ಆವಿಯಾಗುತ್ತದೆ. ಹೀರಿಕೊಳ್ಳದಿದ್ದರೆ ಏನೂ ಆಗುವುದಿಲ್ಲ. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಇದು ಹೊಸದಲ್ಲ. ಕಪ್ಪು ಅಕ್ಷರದ ಮೇಲೆ ಕಾಗದ ಬೇಗ ಹೊತ್ತುತ್ತದೆ, ಬಿಳಿ ಭಾಗದಲ್ಲಿ ತಡವಾಗುತ್ತದೆ. ಆದ್ದರಿಂದ ಯಂತ್ರ ಎಷ್ಟು ವಾಟ್‌ನದು ಎಂದು ಕೇಳುವುದಕ್ಕಿಂತ ಮೊದಲು ಅದರ ಬೆಳಕನ್ನು ತಮ್ಮ ವಸ್ತು ಹೀರಿಕೊಳ್ಳುವುದೇ ಎಂದು ಕೇಳಬೇಕು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಯಂತ್ರಗಳಿವೆ. ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿನ ಡಯೋಡ್ ಯಂತ್ರ ಮೇಜಿನ ಮೇಲೆ ಕೂರುವಷ್ಟು ಚಿಕ್ಕದು, ಬೆಲೆಯೂ ಕಡಿಮೆ. ಇದು ಮರ, ಹಾಳೆ, ರಟ್ಟು, ಬಣ್ಣದ ಚರ್ಮದ ಮೇಲೆ ಚೆನ್ನಾಗಿ ಬರೆಯುತ್ತದೆ. ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಮಾತ್ರ ಮುಟ್ಟುವುದಿಲ್ಲ, ಬೆಳಕು ಕಿಟಕಿ ಗಾಜಿನಲ್ಲಿ ಹಾಯುವಂತೆ ಹಾದುಹೋಗುತ್ತದೆ. ಎರಡನೆಯದು ಇಂಗಾಲದ ಡೈಆಕ್ಸೈಡ್ ಅನಿಲದ ಯಂತ್ರ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ ಅವರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಈ ಲೇಸರನ್ನು ರೂಪಿಸಿದರು. ಕಬ್ಬಿನ ನಾಡಿನವರು ಎಂಬುದು ನಮಗೆ ಸಂತೋಷದ ವಿಷಯ. ಇದರ 10.6 ಮೈಕ್ರೋಮೀಟರ್ ತರಂಗಾಂತರದ ಅಗೋಚರ ಬೆಳಕನ್ನು ಮರ, ಕಾಗದ, ಹತ್ತಿ ಬಟ್ಟೆ, ಚರ್ಮ, ಅಕ್ರಿಲಿಕ್, ಗಾಜು ಇವೆಲ್ಲ ಹೀರಿಕೊಳ್ಳುತ್ತವೆ. ಲೋಹವು ಬಹುಪಾಲು ಪ್ರತಿಫಲಿಸಿಬಿಡುತ್ತದೆ. ಲೋಹದ ಮೇಲೆ ಬರೆಯಲು ಮೂರನೆಯದಾದ, 1064 ನ್ಯಾನೋಮೀಟರ್ ಸುತ್ತಮುತ್ತಲಿನ ಫೈಬರ್ ಲೇಸರ್ ಬೇಕು. ಆದರೆ ಅದಕ್ಕೆ ಮರದ ಕೆಲಸ ಒಗ್ಗುವುದಿಲ್ಲ. ಎಲ್ಲ ಕೆಲಸಕ್ಕೂ ಒಂದೇ ಯಂತ್ರ ಎಂದು ಹೇಳುವ ಮಾರಾಟಗಾರರ ಮಾತನ್ನು ನಂಬಬೇಡಿ.

ನಮ್ಮ ಕೃಷಿ ವಸ್ತುಗಳ ಮೇಲೆ

ಅಡಿಕೆ ಹಾಳೆಯ ಮೇಲೆ ಕಂದು ಬಣ್ಣದ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಮದುವೆ ಆಮಂತ್ರಣ, ಪೆಟ್ಟಿಗೆಯ ಮುಚ್ಚಳ, ಸಂಸ್ಥೆಯ ಹೆಸರು ಇಂತಹ ಕೆಲಸಕ್ಕೆ ಇದು ಉತ್ತಮ. ಆದರೆ ಹಾಳೆಯ ದಪ್ಪವೂ ತೇವಾಂಶವೂ ಎಲ್ಲೆಡೆ ಒಂದೇ ಇರುವುದಿಲ್ಲ. ಬುಡದ ಕಡೆ ಕತ್ತರಿಸಲಾರದ ವೇಗದಲ್ಲಿ ಅಂಚಿನ ಕಡೆ ಸುಟ್ಟೇ ಹೋಗಬಹುದು. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಒತ್ತಿ ಸಮತಟ್ಟು ಮಾಡಿದ ಹಾಳೆಯನ್ನಷ್ಟೇ ಬಳಸಿರಿ. ಊಟದ ತಟ್ಟೆಯಾದರೆ ಗುರುತನ್ನು ತಳಭಾಗದಲ್ಲಿ ಹಾಕಬೇಕು, ಅನ್ನ ತಾಗುವ ಮೇಲ್ಮೈಯಲ್ಲಿ ಮಸಿ ಇರಬಾರದು. ತಟ್ಟೆಯ ಆಕಾರ ಕೊಡುವ ಕೆಲಸಕ್ಕೆ ಈ ಯಂತ್ರ ಬೇಡವೇ ಬೇಡ. ಬಿಸಿ ಅಚ್ಚಿನ ಯಂತ್ರ ಒಂದು ಒತ್ತಿನಲ್ಲಿ ಮಾಡುವುದನ್ನು ಇದು ಸುತ್ತಲೂ ಓಡಿ ಮಾಡಬೇಕಾಗುತ್ತದೆ.

ತೆಂಗಿನ ಕರಟದ ವಿಷಯ ಬೇರೆ. ಲಿಗ್ನಿನ್ ಹೆಚ್ಚಾಗಿರುವುದರಿಂದ ಕೆತ್ತನೆ ಗಾಢವಾಗಿ, ಅಂದವಾಗಿ ಬರುತ್ತದೆ. ತೊಡಕು ಇರುವುದು ಅದರ ಉಬ್ಬಿನಲ್ಲಿ. ಬೆಳಕಿನ ಬಿಂದು ಚೂಪಾಗಿರುವುದು ಮಸೂರದಿಂದ ಒಂದು ನಿಗದಿತ ದೂರದಲ್ಲಿ ಮಾತ್ರ. ಒಂದೆರಡು ಮಿಲಿಮೀಟರ್ ಏರುಪೇರಾದರೆ ಅಕ್ಷರ ದಪ್ಪವಾಗಿ ಮಸುಕಾಗುತ್ತದೆ. ಚಿಕ್ಕ ಗುರುತಾದರೆ ಸರಿ, ಇಡೀ ಕರಟವನ್ನು ಬಳಸಿ ಬರುವ ಚಿತ್ರವಾದರೆ ತಿರುಗಿಸುವ ಜೋಡಣೆ ಬೇಕು. ಕರಟವನ್ನು ಕತ್ತರಿಸಲು ಲೇಸರ್ ಬಳಸಬೇಡಿ. ಎಣ್ಣೆಯಂತಹ ಹೊಗೆ ಮಸೂರದ ಮೇಲೆ ಕೂತು ಅದು ಬಿಸಿಯಾಗಿ ಬಿರಿಯುತ್ತದೆ. ಕತ್ತರಿಸಲು ಸಣ್ಣ ಗರಗಸ, ಬರೆಯಲು ಲೇಸರ್ ಎಂಬುದು ನಮ್ಮ ಅನುಭವ.

ಬಿದಿರಿನ ಮೇಲೆ ಬರೆಯಬಹುದು, ಗೆಣ್ಣುಗಳಲ್ಲಿ ಕತ್ತರಿಸುವುದು ಕಷ್ಟ. ಪ್ಲೈವುಡ್ ಕೊಳ್ಳುವಾಗ ಎಚ್ಚರ ಅಗತ್ಯ: ನೀರಿಗೆ ಜಗ್ಗದ ದುಬಾರಿ ಪ್ಲೈವುಡ್‌ನಲ್ಲಿ ಫೀನಾಲ್ ಅಂಟು ಇರುತ್ತದೆ, ಅದು ಕರಿದಾಗಿ ನಿಂತುಬಿಡುತ್ತದೆ, ಅಗ್ಗದ ಒಳಾಂಗಣ ದರ್ಜೆಯದು ಸುಲಭವಾಗಿ ಕಡಿಯುತ್ತದೆ. 40 ವಾಟ್‌ನ ಅನಿಲ ಯಂತ್ರಕ್ಕೆ 3 ಮಿಲಿಮೀಟರ್ ಹಲಗೆ ಸಹಜವಾದ ಮಿತಿ ಎಂದಿಟ್ಟುಕೊಳ್ಳಿ. ಚನ್ನಪಟ್ಟಣದ ಗೊಂಬೆಗಳಂತೆ ಅರಗಿನ ಲೇಪನವುಳ್ಳ ವಸ್ತುವಿನಲ್ಲಿ ಅರಗು ಕರಗಿ ಹರಡುವುದರಿಂದ ಮೊದಲು ಕೆತ್ತಿ ನಂತರ ಲೇಪಿಸುವುದೇ ಲೇಸು.

ಹಣ್ಣಿನ ಮೇಲೆ ಚೀಟಿಯ ಬದಲು ಲೇಸರ್ ಗುರುತು ಹಾಕಬಹುದೇ ಎಂದು ದಾಳಿಂಬೆ ಬೆಳೆಗಾರರೊಬ್ಬರು ಕೇಳಿದ್ದರು. ಇಂಗಾಲದ ಡೈಆಕ್ಸೈಡ್ ಲೇಸರಿನಿಂದ ತಾಜಾ ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯ ಮೇಲೆ ಗುರುತು ಮಾಡಲು ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆತಿದೆ. ಆದರೆ ಅದಕ್ಕೆಂದೇ ನಿರ್ಮಿಸಿದ ಯಂತ್ರಗಳು ಬೇರೆ. ಗುರುತು ಎಂದರೆ ಸಿಪ್ಪೆಯ ಗಾಯವೇ. ಅಲ್ಲಿಂದ ನೀರು ಆರುತ್ತದೆ, ಮೇಣದ ಲೇಪನ ಬೇಕಾಗುತ್ತದೆ. ಮೇಜಿನ ಯಂತ್ರದಲ್ಲಿ ಇದನ್ನು ಪ್ರಯತ್ನಿಸಬೇಡಿ.

ಪಿವಿಸಿ: ಎಂದಿಗೂ ಬೇಡ

ಇನ್ನು ಮೇಲೆ ಹೇಳಿದ ತಪ್ಪಿನ ವಿಷಯ. ಮಳೆಗಾಲದಲ್ಲಿ ರಟ್ಟಿನ ಫಲಕಗಳು ಕೊಳೆತು ತಾಕುಗಳ ಗುರುತೇ ತಪ್ಪುತ್ತಿದ್ದುದರಿಂದ, ಉಳಿದಿದ್ದ ಬಿಳಿ ಪಿವಿಸಿ ಹಾಳೆಗಳನ್ನು ಹಳ್ಳಿಯೊಂದರ ಮಹಿಳಾ ಸಂಘಕ್ಕೆ ಕೊಟ್ಟು ಇನ್ನೂರು ಫಲಕಗಳನ್ನು ಕತ್ತರಿಸಿಕೊಡುವಂತೆ ಕೇಳಿದ್ದೆ. ಸಂಘವು ಸಾಲ ಪಡೆದು ಯಂತ್ರ ತಂದು ಮೂರು ತಿಂಗಳೂ ಆಗಿರಲಿಲ್ಲ. ವಿಜ್ಞಾನಿಗಳು ಕೊಟ್ಟ ಹಾಳೆ ಎಂದು ಅವರು ಏನನ್ನೂ ಕೇಳಲಿಲ್ಲ. ಅರ್ಧ ದಿನದಲ್ಲಿ ಇಬ್ಬರಿಗೆ ಕಣ್ಣುರಿ, ಕೆಮ್ಮು. ತಿಂಗಳೊಳಗೆ ಯಂತ್ರದ ಹಳಿಗಳೂ ತಿರುಪುಗಳೂ ತುಕ್ಕು ಹಿಡಿದವು, ಕನ್ನಡಿಗಳು ಮಸುಕಾದವು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಮ್ಮಿ ತೇವದೊಡನೆ ಆಮ್ಲವಾಗುತ್ತದೆ. ಇದನ್ನು ರಸಾಯನಶಾಸ್ತ್ರದಲ್ಲಿ ಓದಿದ್ದ ನಾನೇ ಆ ಹಾಳೆಯನ್ನು ಕೊಟ್ಟೆ. ಹಳಿ ಮತ್ತು ಕನ್ನಡಿಗಳ ಬದಲಾವಣೆಯ ವೆಚ್ಚವನ್ನು ಭರಿಸಿದೆ. ಆ ಎರಡು ತಿಂಗಳ ಕಂತನ್ನು ಅವರು ಹೇಗೆ ಕಟ್ಟಿದರೆಂದು ಕೇಳುವ ಧೈರ್ಯ ಬರಲಿಲ್ಲ.

ಯಾವ ಪ್ಲಾಸ್ಟಿಕ್ ಎಂದು ತಿಳಿಯದಿದ್ದರೆ ಸರಳ ಪರೀಕ್ಷೆಯೊಂದಿದೆ. ಬಯಲಿನಲ್ಲಿ, ಗಾಳಿ ಬೀಸುವ ಕಡೆ ಬೆನ್ನು ಮಾಡಿ ನಿಂತು, ಇಕ್ಕಳದಲ್ಲಿ ಹಿಡಿದ ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಅದರ ಹಸಿರು ಬಣ್ಣ ಪೂರ್ತಿ ಮಾಯವಾಗುವವರೆಗೆ ಕಾಯಿಸಿರಿ. ಬಿಸಿ ತಂತಿಯನ್ನು ಪ್ಲಾಸ್ಟಿಕ್‌ಗೆ ಒತ್ತಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇರುವ ಸಾಧ್ಯತೆ ಹೆಚ್ಚು, ಅಂತಹ ವಸ್ತುವನ್ನು ಯಂತ್ರದೊಳಗೆ ಇಡಬೇಡಿ. ರೆಕ್ಸಿನ್ ಮತ್ತು ಫ್ಲೆಕ್ಸ್ ಬ್ಯಾನರ್‌ಗಳೂ ಸಾಮಾನ್ಯವಾಗಿ ಇದೇ ಗುಂಪಿನವು. ನಾವು ಈಗ ತಾಕುಗಳಿಗೆ ಎರಡು ಪದರದ ಅಕ್ರಿಲಿಕ್ ಫಲಕ ಬಳಸುತ್ತಿದ್ದೇವೆ. ಮೇಲಿನ ಬಣ್ಣದ ಪದರವನ್ನು ಕೆತ್ತಿದರೆ ಅಕ್ಷರ ಕಾಣುತ್ತದೆ, ಮಳೆಯಲ್ಲಿ ಅಳಿಸಿಹೋಗುವುದಿಲ್ಲ.

ವಿದ್ಯುತ್, ನೀರು, ಬೆಂಕಿ

ಅನಿಲ ಯಂತ್ರದ ಗಾಜಿನ ಕೊಳವೆಯನ್ನು ಸತತವಾಗಿ ನೀರಿನಿಂದ ತಂಪಾಗಿಡಬೇಕು. ಕೊಳವೆಬಾವಿಯ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರನ್ನೇ ಬಳಸಿರಿ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬಕೆಟ್ ನೀರು ತಾನಾಗಿಯೇ 30 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಶೀತಕ ಯಂತ್ರದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೊಳವೆಯ ಆಯುಷ್ಯ ಕೆಲವು ಸಾವಿರ ಗಂಟೆಗಳು ಮಾತ್ರ, ಇದನ್ನು ಯೋಜನಾ ವರದಿಯಲ್ಲಿ ಬರೆಯುವವರು ವಿರಳ. ವಿದ್ಯುತ್ ನಡುವೆ ಹೋದರೆ ಅರ್ಧ ಕೆತ್ತಿದ ವಸ್ತು ಹೆಚ್ಚಿನ ಸಲ ವ್ಯರ್ಥ. ಕೊಳವೆಗೆ ಹತ್ತು ಸಾವಿರ ವೋಲ್ಟ್‌ಗೂ ಮೀರಿದ ವಿದ್ಯುತ್ ಹರಿಯುವುದರಿಂದ ಸಮರ್ಪಕ ಅರ್ಥಿಂಗ್ ಇಲ್ಲದ ಮನೆಯಲ್ಲಿ ಯಂತ್ರವನ್ನು ಚಾಲೂ ಮಾಡಲೇಬಾರದು.

ಡಯೋಡ್ ಮತ್ತು ಫೈಬರ್ ಯಂತ್ರಗಳ ಬೆಳಕು ಕಣ್ಣಿನ ಅಕ್ಷಿಪಟಲದವರೆಗೆ ಹೋಗಿ ಸುಡುತ್ತದೆ, ಆ ಹಾನಿಗೆ ಪರಿಹಾರವಿಲ್ಲ. ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕ ಧರಿಸಬೇಕು. ತಂಪು ಕನ್ನಡಕ ಸಾಲದು. ಮಕ್ಕಳು ಓಡಾಡುವ ಕೋಣೆಯಲ್ಲಿ ತೆರೆದ ಯಂತ್ರ ಇಡಬೇಡಿ. ಒಣ ಹಾಳೆ ಹೊತ್ತಿಕೊಳ್ಳಲು ಕ್ಷಣ ಸಾಕು, ಆದ್ದರಿಂದ ಯಂತ್ರ ಓಡುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿರಬೇಕು.

ಕೊಳ್ಳುವ ಮೊದಲು ತಮ್ಮದೇ ಹಾಳೆ, ಕರಟ, ಬಿದಿರನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹತ್ತಿರದ ಪಟ್ಟಣದಲ್ಲಿ ಈಗಾಗಲೇ ಯಂತ್ರ ಇಟ್ಟಿರುವವರ ಬಳಿಗೆ ಹೋಗಿ, ಕೂಲಿ ಕೊಟ್ಟು ಇಪ್ಪತ್ತು ವಸ್ತುಗಳನ್ನು ಮಾಡಿಸಿರಿ. ಒಂದಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕೆಟ್ಟವು ಎಂಬುದನ್ನು ಬರೆದುಕೊಳ್ಳಿ. ಆ ಇಪ್ಪತ್ತನ್ನು ಸಂತೆಯಲ್ಲೋ ಅಂಗಡಿಯಲ್ಲೋ ಮಾರಿ ನೋಡಿರಿ. ಬ್ಯಾಂಕಿನ ಅರ್ಜಿಯನ್ನು ಅದಾದ ಮೇಲೆ ತುಂಬಬಹುದು.