ಚನ್ನರಾಯಪಟ್ಟಣದ ಸಿಡಿಲು ಕಂಠ!

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಾ ನಿಂತಿದ್ದೀರಿ. ಪಕ್ಕದ ಹುಡುಗನ ಕಿವಿಯಲ್ಲಿ ಇಯರ್‌ಫೋನು. ತಲೆ ತಾಳಕ್ಕೆ ಸರಿಯಾಗಿ ಆಡ್ತಾ ಇದೆ. ‘ಏನಪ್ಪಾ ಕೇಳ್ತಾ ಇದೀಯ?’ ಅಂದರೆ ಉತ್ತರ ಬರುತ್ತೆ: ‘ಕೊರಿಯಾದ ಸಿಂಗರ್ ಸಾರ್! ಒಂದೇ ಹಾಡಲ್ಲಿ ರಾಕು, ರ‍್ಯಾಪು, ಮೆಲೊಡಿ ಎಲ್ಲಾ ಹಾಕ್ತಾನೆ!’

ಕೇಳಲಿ, ಸಂತೋಷ. ಒಳ್ಳೇ ಕಂಠ ಎಲ್ಲಿದ್ದರೂ ಒಳ್ಳೇ ಕಂಠವೇ. ಆದರೆ ಇದೇ ಜಿಲ್ಲೆಯಲ್ಲಿ, ಇಲ್ಲಿಂದ ಒಂದು ಗಂಟೆ ಹಾದಿಯ ಚನ್ನರಾಯಪಟ್ಟಣದಲ್ಲಿ, ಹಿಂದೂಸ್ತಾನಿ, ರಂಗಗೀತೆ, ತತ್ವಪದ, ಜಾನಪದ, ಸಿನಿಮಾ ಇವೆಲ್ಲವನ್ನೂ ಒಂದೇ ಗಂಟಲಲ್ಲಿ ಅರೆದು ಕೊಟ್ಟ ಒಬ್ಬ ಮನುಷ್ಯ ಹುಟ್ಟಿದ್ದ ಅನ್ನೋದು ಆ ಹುಡುಗನಿಗೆ ಗೊತ್ತೆ?

ಹೌದು! ಸಿ. ಅಶ್ವತ್ಥ್ ಅವರ ಮಾತೇ ಹೇಳ್ತಿರೋದು.

1939ರ ಡಿಸೆಂಬರ್ 29ರಂದು ಹುಟ್ಟಿದ ಅಶ್ವತ್ಥ್ ಓದಿದ್ದು ಬೆಂಗಳೂರಿನಲ್ಲಿ. ಪದವಿ ವಿಜ್ಞಾನದ್ದು, ಕೆಲಸ ಟೆಲಿಫೋನ್ ಕಾರ್ಖಾನೆಯಲ್ಲಿ! ದೂರವಾಣಿ ನಗರದ ಐ.ಟಿ.ಐ.ಯಲ್ಲಿ ಒಂದಲ್ಲ ಎರಡಲ್ಲ, 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಅಂದರೆ ನೀವು ಕೇಳಿ ಕುಣಿದ ಹಾಡುಗಳಲ್ಲಿ ಎಷ್ಟೋ, ಕಾರ್ಖಾನೆಯ ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಹುಟ್ಟಿದಂಥವು. ಸಂಗೀತದ ಪಾಠ ದೇವಗಿರಿ ಶಂಕರ ಜೋಶಿಯವರಲ್ಲಿ. ಅದು ಹಿಂದೂಸ್ತಾನಿ ಪದ್ಧತಿ. ಆದರೆ ಅಶ್ವತ್ಥರನ್ನು ಅಶ್ವತ್ಥರನ್ನಾಗಿ ಮಾಡಿದ್ದು ನಾಟಕ ಅಂತ ನಮ್ಮ ಅಭಿಪ್ರಾಯ. ನಾಟಕದಲ್ಲಿ ಹಾಡುವವನು ಕಣ್ಣು ಮುಚ್ಚಿ ರಾಗ ಎಳೆಯುತ್ತಾ ಕೂತರೆ ಕೊನೇ ಸಾಲಿನವನು ಎದ್ದು ಬೀಡಿ ಸೇದೋಕೆ ಹೋಗ್ತಾನೆ. ಅವನನ್ನೂ ಹಿಡಿದು ಕೂರಿಸಬೇಕಾದರೆ ಮಾತು ಹಾಡಾಗಬೇಕು, ಹಾಡು ಮಾತಾಗಬೇಕು.

ಆ ವಿದ್ಯೆ ಸಿನಿಮಾಕ್ಕೆ ಬಂದದ್ದು 1977ರಲ್ಲಿ, ‘ಕಾಕನಕೋಟೆ’ಯಲ್ಲಿ. ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ನಿರ್ದೇಶನ, ಕಾಚನಾಗಿ ಲೋಕೇಶ್. ಕಾಡಿನ ಜನರ ಕಥೆಗೆ ಪಟ್ಟಣದ ಪಿಟೀಲು ಸುತ್ತದೆ, ಕಾಡಿನದೇ ಅನ್ನಿಸುವ ಧಾಟಿ ಹಿಡಿದರು ಅಶ್ವತ್ಥ್. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವತ್ಥ್–ವೈದಿ’ ಜೋಡಿ! ಈ ವೈದ್ಯನಾಥನ್ ಯಾರು ಗೊತ್ತೆ? ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಆ ಮರೆಯಲಾಗದ ಸಂಗೀತ ಕೊಟ್ಟವರು. ಸಿದ್ದಲಿಂಗಯ್ಯನವರ ‘ನಾರದ ವಿಜಯ’ (1980), ಮೋಹನ್ ಕುಮಾರ್ ಅವರ ‘ಆಲೆಮನೆ’ (1981) ಇದೇ ಜೋಡಿಯದು. ‘ಆಲೆಮನೆ’ಯ ಮಂದಾರ ಹೂವಿನ ಹಾಡನ್ನು ಎಸ್.ಪಿ.ಬಿ. ಹಾಡಿದರು. ಅರೆ, ಇಂಥ ಕಂಠ ಇಟ್ಟುಕೊಂಡು ಆ ಹಾಡನ್ನು ಬೇರೆಯವರಿಗೆ ಕೊಟ್ಟರಲ್ಲ ಅಂತ ಕೇಳ್ತೀರಾ? ಅಲ್ಲೇ ಇರೋದು ಅವರ ಜಾಣತನ. ಅದು ಪ್ರೀತಿಯಲ್ಲಿ ಬಿದ್ದ ಹುಡುಗನ ಹಾಡು, ಬೆಣ್ಣೆ ಬೇಕು. ಅಶ್ವತ್ಥರ ಗಂಟಲಲ್ಲಿ ಇದ್ದದ್ದು ಕೆಂಡ!

ಆ ಕೆಂಡ ಧಗ್ಗನೆ ಹತ್ತಿದ್ದು ಶಿಶುನಾಳ ಷರೀಫಜ್ಜನ ಪದಗಳಲ್ಲಿ.

ಷರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಊರು ಶಿಶುನಾಳ, ಈಗಿನ ಹಾವೇರಿ ಜಿಲ್ಲೆ. ಅವರ ಪದಗಳನ್ನು ಭಜನೆಯವರು, ಏಕತಾರಿ ಹಿಡಿದ ಸಾಧುಗಳು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದಿದ್ದರು. ಅದನ್ನು ಎತ್ತಿ ಹಳೇ ಮೈಸೂರು ಸೀಮೆಯ ಹೋಟೆಲು, ಸಲೂನು, ಟೂರಿಂಗ್ ಟಾಕೀಸಿನ ಮೈಕಿನವರೆಗೂ ತಂದ ದೊಡ್ಡ ಕಂಠ ಇವರದು. ತಮಾಷೆ ನೋಡಿ, ನಮ್ಮ ಹಾಸನದ ಕಡೆಯವರು ‘ಮಾಳಿಗೆ’ ಅಂತೀವಿ, ಷರೀಫಜ್ಜ ‘ಮಾಳಿಗಿ’ ಅಂತಾನೆ. ಚನ್ನರಾಯಪಟ್ಟಣದ ಈ ಮನುಷ್ಯ ಆ ‘ಗಿ’ಯನ್ನು ಹಾಗೇ ಉಳಿಸಿಕೊಂಡು, ಅದರ ಮೇಲೇ ದನಿ ಒತ್ತಿ ಹಾಡಿದರು. ಧಾರವಾಡದವರೇ ಇವರನ್ನು ತಮ್ಮವರು ಅಂದುಕೊಂಡಿದ್ದರೆ ಆಶ್ಚರ್ಯವೇನಿಲ್ಲ ಬಿಡಿ!

1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ತೆರೆಗೆ ಬಂತು. ಷರೀಫನಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ್ ಕಾರ್ನಾಡ್. ತೆರೆಯ ಮೇಲೆ ತುಟಿ ಶ್ರೀಧರ್ ಅವರದು, ಒಳಗಿನ ಸಿಡಿಲು ಅಶ್ವತ್ಥ್ ಅವರದು. ಕೋಡಗನ್ನ ಕೋಳಿ ನುಂಗುವ ಆ ಪದವನ್ನೇ ತೆಗೆದುಕೊಳ್ಳಿ. ಅರ್ಥ ಕೇಳಿದರೆ ಪಂಡಿತರೂ ತಲೆ ಕೆರ್ಕೋತಾರೆ. ಅಶ್ವತ್ಥ್ ಹಾಡಿದರೆ ಅರ್ಥ ಆಗದವನೂ ಕೂತಲ್ಲೇ ಕುಣೀತಾನೆ. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು.

ಸರಿ, ಈ ಕಂಠದ ಗುಟ್ಟೇನು?

ಸುಗಮ ಸಂಗೀತ ಅಂದರೆ ಸಾಮಾನ್ಯವಾಗಿ ಒಂದು ಪಲ್ಲವಿ, ಆಮೇಲೆ ಎಲ್ಲಾ ಚರಣಕ್ಕೂ ಒಂದೇ ಧಾಟಿ. ಅಶ್ವತ್ಥ್ ಅದಕ್ಕೆ ಕಟ್ಟುಬಿದ್ದವರಲ್ಲ. ಪದ್ಯದ ಭಾವ ತಿರುಗಿದ ಕಡೆ ಧಾಟಿಯನ್ನೂ ತಿರುಗಿಸೋರು. ಒಂದೇ ಸಾಲನ್ನು ಎರಡು ಮೂರು ಸಲ ಹೇಳೋರು. ಒಂದು ಸಲ ಪಿಸುಮಾತಿನ ಹಾಗೆ, ಇನ್ನೊಂದು ಸಲ ಜಗಳ ಆಡಿದ ಹಾಗೆ, ಮತ್ತೊಂದು ಸಲ ತಾರಸ್ಥಾಯಿಗೆ ಹಾರಿ ಅಲ್ಲೇ ನಿಂತು! ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಕೇಳಿದವರಿಗೆ ಗೊತ್ತು. ಕಡಲು ನೋಡಿರದ ಮನುಷ್ಯ ಕಡಲಿಗಾಗಿ ಹಂಬಲಿಸುವ ಪದ್ಯ ಅದು. ಹಾಡ್ತಾ ಹಾಡ್ತಾ ಆ ಹಂಬಲ ಮೊರೆತವೇ ಆಗಿಬಿಡುತ್ತೆ.

‘ಅಶ್ವತ್ಥ್ ಹಾಡೋದಲ್ಲ, ಕಿರುಚೋದು’ ಅಂತ ಗೊಣಗಿದ ಸಂಗೀತ ರಸಿಕರೂ ಇದ್ದಾರೆ. ಮುಚ್ಚಿಡೋದ್ಯಾಕೆ? ಕಾಳಿಂಗರಾಯರ ಲಾಲಿತ್ಯ, ಮೈಸೂರು ಅನಂತಸ್ವಾಮಿಯವರ ಮೃದುತನ ಕೇಳಿ ಬೆಳೆದ ಕಿವಿಗೆ ಇವರ ಅಬ್ಬರ ಹೆಚ್ಚು ಅನ್ನಿಸಿದರೆ ತಪ್ಪೂ ಅಲ್ಲ. ವೇದಿಕೆಯ ಮೇಲೆ ಕೆಲವು ಸಲ ಕವಿತೆಗಿಂತ ಕಂಠವೇ ದೊಡ್ಡದಾಗಿದ್ದೂ ಉಂಟು. ಆದರೆ ‘ಮೈಸೂರು ಮಲ್ಲಿಗೆ’ (1992) ನೋಡಿದವರು ಈ ಮಾತು ಪೂರ್ತಿ ಒಪ್ಪೋಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯದ ಕವಿತೆಗಳಿಗೆ ಅದೇ ಕೆಂಡದ ಮನುಷ್ಯ ಎಷ್ಟು ತಣ್ಣಗೆ ರಾಗ ಹಾಕಿದ್ದಾರೆ! ಗೀತರಚನೆಗೆ ಕವಿಗಳಿಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಆ ಚಿತ್ರದಿಂದಲೇ. ಇನ್ನು 1997ರ ‘ನಾಗಮಂಡಲ’ದಲ್ಲಿ ಸಂಗೀತಾ ಕಟ್ಟಿಯವರ ಕೊರಳಿನಿಂದ ತೆಗೆಸಿದ ಜಾನಪದ ಬೇರೆಯೇ ಲೋಕ.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಯಿತು. ಹೀರೋ ಇಲ್ಲ, ಫೈಟಿಂಗ್ ಇಲ್ಲ, ಡ್ಯಾನ್ಸ್ ಇಲ್ಲ. ಬರೀ ಕವಿಗಳ ಹಾಡು. ಜನ ಮಾತ್ರ ಲಕ್ಷದ ಲೆಕ್ಕದಲ್ಲಿ! ಕವಿತೆ ಕೇಳೋಕೆ ಇಷ್ಟು ಜನ ಬರ್ತಾರೆ ಅಂದರೆ ಗಾಂಧಿನಗರದ ವಿತರಕರೂ ನಂಬ್ತಿರಲಿಲ್ಲ.

2009ರ ಡಿಸೆಂಬರ್ 29ರಂದು, ಸರಿಯಾಗಿ ಎಪ್ಪತ್ತು ತುಂಬಿದ ದಿನವೇ, ಆ ಕಂಠ ನಿಂತುಹೋಯಿತು. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನವೂ ಹೌದು. ಆ ಕುವೆಂಪು ಬರೆದ ನಾಡಗೀತೆಯ ವಿಷಯದಲ್ಲೇ ಅಶ್ವತ್ಥರ ಅಭಿಮಾನಿಗಳಿಗೆ ಒಂದು ನೋವು ಉಳಿದಿದೆ. ಆ ಗೀತೆಗೆ ಮೈಸೂರು ಅನಂತಸ್ವಾಮಿಯವರದೊಂದು ಧಾಟಿ, ಅಶ್ವತ್ಥರದೊಂದು ಧಾಟಿ. ಯಾವುದು ಅಧಿಕೃತ ಅನ್ನೋ ಜಗ್ಗಾಟ ವರ್ಷಗಟ್ಟಲೆ ನಡೀತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಗೆ ಮುದ್ರೆ ಒತ್ತಿತು. ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತಲೂ ಹೇಳಿತು. ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮೂರನೇ ಕ್ಲಾಸಿನ ಮಕ್ಕಳ ಗಂಟಲಿಗೆ ಅನಂತಸ್ವಾಮಿಯವರದೇ ಸಲೀಸು ಅಂತ ನಮಗೂ ಅನ್ನಿಸುತ್ತೆ. ಆದರೆ ಸಾವಿರ ಜನ ಒಟ್ಟಿಗೆ ಎದ್ದು ನಿಂತು ಹಾಡುವಾಗ? ಅದಕ್ಕೆ ಅಶ್ವತ್ಥರದೇ ಬೇಕು ಗುರು!

ಅರಕಲಗೂಡಿನ ಹೆಸರು ಹೊತ್ತ ಅ.ನ.ಕೃ. ಅವರ ‘ಸಂಧ್ಯಾರಾಗ’ 1966ರಲ್ಲಿ ಸಿನಿಮಾ ಆದಾಗ ಅಣ್ಣಾವ್ರ ಜೊತೆಗೆ ಭೀಮಸೇನ ಜೋಶಿಯವರ ಗಾಯನವೂ ಅದರಲ್ಲಿತ್ತು. ಗಾಯಕರ ಕಥೆ ಬರೆದವರು ಈ ಜಿಲ್ಲೆಯ ಹೆಸರಿನವರು, ಗಾಯಕನನ್ನೇ ಕೊಟ್ಟದ್ದು ಚನ್ನರಾಯಪಟ್ಟಣ. ಈಗ ರಘು ದೀಕ್ಷಿತ್ ಗಿಟಾರ್ ಹಿಡಿದು ಷರೀಫಜ್ಜನನ್ನು ಹಾಡಿದರೆ ಹುಡುಗರು ಶಿಳ್ಳೆ ಹೊಡೀತಾರೆ. ಹೊಡೀಲಿ. ಆ ಇಯರ್‌ಫೋನಿನ ಹುಡುಗನಿಗೆ ನಾವು ಹೇಳೋದು ಇಷ್ಟೇ: ಮುಂದಿನ ಸಲ ಬಸ್ಸು ಹೊಳೆನರಸೀಪುರದಲ್ಲಿ ಹೇಮಾವತಿ ದಾಟೋ ಹೊತ್ತಿಗೆ ‘ಕಾಣದ ಕಡಲಿಗೆ’ ಹಾಕ್ಕೊಂಡು ನೋಡು ತಮ್ಮಾ. ಹೊಳೆಯೂ ಆ ಕಡೆಗೇ ಹೊರಟಿರುತ್ತೆ!