ನರ್ಸಿಂಗ್ ಕಲಿಯುವ ಮಗಳು: ತಾಯಿಯ ಬಳಿಯೋ, ಕೂಸಿನ ಬಳಿಯೋ?

ಮನೆಯ ಸೊಸೆಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಯಲ್ಲಿ ನಾವು ಮೊದಲು ಕೇಳುವುದು, ‘ಒಳಗೆ ಹೆಂಗಸರೇ ಇದ್ದಾರಲ್ಲವೇ?’ ಎಂದು. ಅದೇ ಮನೆಯ ಮಗಳು ನರ್ಸಿಂಗ್ ಕಲಿಯುತ್ತೇನೆಂದರೆ ‘ರಾತ್ರಿ ಪಾಳಿಯ ಕೆಲಸ ಬೇಡ’ ಎನ್ನುತ್ತೇವೆ. ಹೆರಿಗೆ ಹಗಲು ನೋಡಿ ಬರುವುದಿಲ್ಲ. ನಡುರಾತ್ರಿ ನಮ್ಮ ಸೊಸೆಯ ಪಕ್ಕದಲ್ಲಿ ನಿಲ್ಲುವವಳೂ ಒಂದು ಮನೆಯ ಮಗಳೇ.

ಪಿಯುಸಿ ಆದವರಿಗೆ ಮೂರು ದಾರಿಗಳಿವೆ: 2 ವರ್ಷಗಳ ಎಎನ್‌ಎಂ, 3 ವರ್ಷಗಳ ಜಿಎನ್‌ಎಂ ಮತ್ತು 4 ವರ್ಷಗಳ ಬಿಎಸ್ಸಿ ನರ್ಸಿಂಗ್. ಬಿಎಸ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಬಿಎಸ್ಸಿಯ ನಂತರ ಎಂಎಸ್ಸಿಯಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆಯನ್ನಾಗಲಿ, ಮಕ್ಕಳ ಶುಶ್ರೂಷೆಯನ್ನಾಗಲಿ ಆರಿಸಿಕೊಳ್ಳಬಹುದು. ನವಜಾತ ಶಿಶುಗಳ ಆರೈಕೆಗೆಂದೇ 1 ವರ್ಷದ ಡಿಪ್ಲೊಮಾ ಇದೆ. ಅನುಭವಿ ನರ್ಸ್‌ಗಳಿಗೆ ಕೇಂದ್ರ ಸರಕಾರ ರೂಪಿಸಿದ 18 ತಿಂಗಳ ಮಿಡ್‌ವೈಫರಿ ತರಬೇತಿಯೂ ಇದೆ. ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ.

ಎರಡೂ ಕೆಲಸ ಒಂದೇ ಎಂದು ತಿಳಿಯಬಾರದು. ಹೆರಿಗೆ ಕೋಣೆಯ ನರ್ಸ್ ಗಂಟೆಗಟ್ಟಲೆ ತಾಯಿಯ ಜೊತೆಗಿರುತ್ತಾಳೆ. ನೋವಿನ ಅಂತರ, ಮಗುವಿನ ಎದೆಬಡಿತ, ತಾಯಿಯ ರಕ್ತದೊತ್ತಡವನ್ನು ಬರೆದಿಡುತ್ತಾಳೆ. ಹೆರಿಗೆಯ ನಂತರ 500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋದರೆ ಅಪಾಯ. ಅದನ್ನು ಮೊದಲು ಗಮಿಸಬೇಕಾದವಳು ಅವಳೇ. ಇಲ್ಲಿ ಧೈರ್ಯ, ಚುರುಕುತನ ಬೇಕು. ನೋವಿನಲ್ಲಿರುವವಳನ್ನು ಗದರದೆ ಸಂತೈಸುವ ಮಾತೂ ಬೇಕು.

ಶಿಶು ಘಟಕದ ಕೆಲಸ ಬೇರೆ ಬಗೆಯದು. 37 ವಾರ ತುಂಬುವ ಮೊದಲೇ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳು ಅಲ್ಲಿರುತ್ತವೆ. ಕೂಸಿಗೆ ಹೇಳಲು ಬಾಯಿಲ್ಲ. ಮೈಬಣ್ಣ, ಉಸಿರು, ಹಾಲು ಚೀಪುವ ಬಗೆ ನೋಡಿಯೇ ತಿಳಿಯಬೇಕು. ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯದಂತೆ ಕಾಯಬೇಕು. ಔಷಧದ ಅಳತೆಯಲ್ಲಿ ಒಂದು ಬಿಂದು ತಪ್ಪಿದರೂ ಕೇಡು. ಬಳೆ, ಉಂಗುರ ತೆಗೆದು, ತೋಳು ಮಡಚಿ, ಮೊಣಕೈವರೆಗೆ ಕೈ ತೊಳೆಯಬೇಕು. ಆದ್ದರಿಂದ ಸಮವಸ್ತ್ರದ ನಿಯಮಗಳನ್ನು ಸೇರುವ ಮೊದಲೇ ಕೇಳಿಕೊಳ್ಳಿ. ಎಷ್ಟು ಆರೈಕೆ ಮಾಡಿದರೂ ಕೆಲವು ಕೂಸುಗಳು ಉಳಿಯುವುದಿಲ್ಲ. ಆ ದುಃಖ ತಡೆದುಕೊಂಡು ಪಕ್ಕದ ತೊಟ್ಟಿಲಿನ ಕಡೆ ತಿರುಗುವ ಮನೋಬಲ ಬೇಕು.

ನಮ್ಮ ಮನೆಗಳ ರೂಢಿ ಬಲ್ಲ ನರ್ಸ್‌ನ ಮಾತಿಗೆ ಹಿರಿಯರು ಬೇಗ ಕಿವಿಗೊಡುತ್ತಾರೆ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ, ಕಣ್ಣಿಗೆ ಸುರ್ಮಾ ಹಚ್ಚಬೇಡಿ ಎಂದು ಅವಳು ಅಜ್ಜಿಗೆ ಅಜ್ಜಿಯ ಭಾಷೆಯಲ್ಲೇ ಹೇಳಬಲ್ಲಳು. ಮಗು ಅಳದಿದ್ದರೆ ಮೊದಲ ನಿಮಿಷ ಉಸಿರಾಟಕ್ಕೆ ಮೀಸಲು, ಅಝಾನ್ ಆಮೇಲೆ ಹೇಳಬಹುದು ಎಂದು ತಂದೆಗೂ ತಿಳಿಹೇಳಬಲ್ಲಳು.

ವಿಭಾಗ ಆರಿಸಲು ಅವಸರ ಬೇಡ. ಕಲಿಕೆಯ ಅವಧಿಯಲ್ಲಿ ವಿದ್ಯಾರ್ಥಿನಿಯರನ್ನು ಎರಡೂ ಕಡೆ ಕಳುಹಿಸುತ್ತಾರೆ. ಯಾವ ಪಾಳಿ ಮುಗಿಸಿ ಬಂದ ದಿನ ಮಗಳು ದಣಿದಿದ್ದರೂ ಅಲ್ಲಿಯ ಮಾತನ್ನೇ ಆಡುತ್ತಾಳೆ ಎಂದು ಗಮನಿಸಿ. ಹೆತ್ತವರಾದ ನೀವು ಹಾಸ್ಟೆಲ್ ನೋಡಿ ಬನ್ನಿ, ರಾತ್ರಿ ಪಾಳಿಗೆ ವಾಹನವಿದೆಯೇ, ವಿಶ್ರಾಂತಿ ಕೋಣೆ ಇದೆಯೇ ಎಂದು ಕೇಳಿ. ಉತ್ತರ ಸಮಾಧಾನಕರವಾಗಿದ್ದರೆ ಮಗಳನ್ನು ತಡೆಯಬೇಡಿ.