ಹಸಿರು ಹಿಡಿದ ಪಿನ್ನು, ಕರಗುವ ಕನ್ವರ್ಟರ್

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಐವಾನ್-ಎ-ಶಾಹಿ ಭಾಗದಲ್ಲಿ ತಾಸುಗಟ್ಟಲೆ ಬಿಸಿಲಿಗೆ ನಿಂತ ಕಾರಿಗೆ ಸ್ಕ್ಯಾನರ್ ಜೋಡಿಸಿ ನೋಡಿ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟಿರುವಾಗ ಎಂಜಿನ್ ಉಷ್ಣತೆ 20 ಡಿಗ್ರಿ ಎಂದು ಬಂದರೆ ಅದು ಸಾಧ್ಯವಿಲ್ಲದ ಮಾತು. ಎಲ್ಲೋ ತಂತಿಯಲ್ಲಿ ದೋಷವಿದೆ. ಎಂಜಿನ್‌ನ ಗಣಕ ಮಾತ್ರ ಆ ಸುಳ್ಳನ್ನೇ ನಂಬಿ ಪೆಟ್ರೋಲ್ ಸುರಿಯುತ್ತದೆ.

ಇಸಿಯು ಎಂದು ಕರೆಯುವ ಈ ಗಣಕಕ್ಕೆ ಬಿಸಿ-ತಂಪು ನೇರವಾಗಿ ತಿಳಿಯದು. ಕೂಲಂಟ್‌ನಲ್ಲಿ ಮುಳುಗಿರುವ ಸೆನ್ಸರಿನ ವಿದ್ಯುತ್ ರೋಧವನ್ನು ಅಳೆದು ಅದು ಉಷ್ಣತೆಯನ್ನು ಊಹಿಸುತ್ತದೆ. ಸಾಮಾನ್ಯ ಸೆನ್ಸರಿನ ರೋಧ 20 ಡಿಗ್ರಿಯಲ್ಲಿ ಸುಮಾರು 2,500 ಓಮ್. 80 ಡಿಗ್ರಿಗೆ ಅದು 300ರ ಆಸುಪಾಸಿಗೆ ಇಳಿಯುತ್ತದೆ. ಬಿಸಿಲಿಗೆ ಕನೆಕ್ಟರಿನ ರಬ್ಬರ್ ಸೀಲು ಗಡುಸಾಗಿ ಬಿರಿದು, ಧೂಳು ಒಳಸೇರಿ, ಮಳೆಗಾಲದ ತೇವ ಅದಕ್ಕೆ ಕೂಡಿದರೆ ತಾಮ್ರದ ಪಿನ್ನು ಹಸಿರು ಹಿಡಿಯುತ್ತದೆ. ಆ ಕಿಲುಬು 2,000 ಓಮ್ ಸೇರಿಸಿತೆಂದರೆ ಕಾದ ಎಂಜಿನ್ ಗಣಕದ ಲೆಕ್ಕದಲ್ಲಿ ತಣ್ಣಗಾಗಿಬಿಡುತ್ತದೆ. ತಣ್ಣನೆಯ ಎಂಜಿನ್‌ಗೆ ಹೆಚ್ಚು ಇಂಧನ ಕೊಡಬೇಕೆಂಬುದು ಅದಕ್ಕೆ ಬರೆದಿಟ್ಟ ನಿಯಮ.

ಇಂಧನ ಪಂಪಿನ ತಂತಿಯಲ್ಲಿ ಇದೇ ದೋಷ ತಿರುವುಮುರುವಾಗಿ ಕಾಣಿಸುತ್ತದೆ. ಐದು ಆಂಪಿಯರ್ ಎಳೆಯುವ ಪಂಪಿನ ದಾರಿಯಲ್ಲಿ, ಸಡಿಲ ರಿಲೇ ಕಾಲಿನಲ್ಲೋ ಅರ್ತ್ ಬೋಲ್ಟಿನಲ್ಲೋ, ಬರೀ 0.2 ಓಮ್ ಸೇರಿದರೂ ಒಂದು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಐದು ವ್ಯಾಟ್ ಶಾಖ ಆ ಪುಟ್ಟ ಜೋಡಣೆಯಲ್ಲೇ ಹುಟ್ಟುತ್ತದೆ. ಪಂಪು ನಿಧಾನವಾಗಿ ಒತ್ತಡ ಇಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಮಿಸ್ ಹೊಡೆಯುತ್ತದೆ.

ಇಂಥ ದೋಷ ಕೂಡಲೇ ಬಯಲಾಗುವುದಿಲ್ಲ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರಿನ ವರದಿ ನೋಡಿಕೊಂಡು ಇಸಿಯು ಇಂಧನವನ್ನು ಏರಿಸಿ ಇಳಿಸಿ ಸರಿದೂಗಿಸುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಅದು ಶೇ 10 ದಾಟಿದರೆ ಮೆಕ್ಯಾನಿಕ್ ಅನುಮಾನಪಡಬೇಕು. ಆದರೆ ಹಲವು ಕಾರುಗಳಲ್ಲಿ ಶೇ 25ರ ಹತ್ತಿರ ಹೋಗುವವರೆಗೆ ಚೆಕ್ ಎಂಜಿನ್ ದೀಪ ಹೊತ್ತುವುದಿಲ್ಲ. 2023ರಲ್ಲಿ ಮಾರುಕಟ್ಟೆಗೆ ಬಂದ, ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈ ಅಂಚನ್ನು ಇನ್ನಷ್ಟು ಕಿರಿದು ಮಾಡಿದೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಹಾಗಾಗಿ ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಕಾರು ಇ20ರಲ್ಲಿ ಓಡುವಾಗ ಸುಮಾರು ಶೇ 8 ಹೆಚ್ಚು ಇಂಧನ ಬೇಡುತ್ತದೆ. ತಿದ್ದುಪಡಿಯ ಒಂದು ಪಾಲು ಅಲ್ಲೇ ಖರ್ಚಾದ ಮೇಲೆ ದುರ್ಬಲ ಪಂಪಿನ ಕೊರತೆ ತುಂಬಲು ಉಳಿಯುವುದು ಕಡಿಮೆ.

ಪೆಟ್ಟು ಕೊನೆಗೆ ಬೀಳುವುದು ಕ್ಯಾಟಲಿಟಿಕ್ ಕನ್ವರ್ಟರಿಗೆ, ಅಂದರೆ ವಿಷಾನಿಲಗಳನ್ನು ನಿರಪಾಯಗೊಳಿಸುವ ಡಬ್ಬಿಗೆ. ಉರಿಯದೆ ಹೊರಬಿದ್ದ ಪೆಟ್ರೋಲ್ ಅದರೊಳಗೆ ಉರಿದು ಉಷ್ಣತೆ ವಿಪರೀತ ಏರಿದರೆ ಒಳಗಿನ ಜೇನುಗೂಡಿನಂಥ ರಚನೆ ಕರಗತೊಡಗುತ್ತದೆ. ಆಮೇಲೆ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು ನೇರ ಬೀದಿಗೆ ಬರುತ್ತವೆ. ಪಿನ್ನನ್ನು ಉಪ್ಪುಕಾಗದದಿಂದ ಉಜ್ಜಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ.

ಇದು ಒಬ್ಬಿಬ್ಬರ ಜೇಬಿನ ಪ್ರಶ್ನೆಯಷ್ಟೇ ಅಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ಕಲಬುರಗಿಯೂ ಒಂದು. ಸತತ ಐದು ವರ್ಷ ಗಾಳಿಯ ಗುಣಮಟ್ಟದ ಮಿತಿ ಮೀರಿದ ನಗರಗಳ ಪಟ್ಟಿ ಅದು. ಅಲ್ಲಿ ಹೆಚ್ಚು ಚರ್ಚೆಯಾಗುವುದು ಧೂಳು. ಕಾರಿನ ಕೊಳವೆಯಿಂದ ಬರುವ ಅನಿಲಗಳು ಧೂಳಿನ ಅಳತೆಗೆ ನೇರವಾಗಿ ಸಿಗುವುದಿಲ್ಲ. ಆ ಅನಿಲಗಳಿಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಆಗ ಕೊಂಡ ಕಾರುಗಳಿಗೆ 2025ಕ್ಕೆ ಐದು ವರ್ಷ ತುಂಬಿತು. ವಾರಂಟಿ ಮುಗಿದು ಅವು ರಸ್ತೆ ಬದಿಯ ಗ್ಯಾರೇಜುಗಳತ್ತ ಬರುವ ಕಾಲವೂ ಪಿನ್ನು, ಸೀಲುಗಳು ಸವೆಯುವ ಕಾಲವೂ ಒಂದೇ. ಪಿಯುಸಿ ತಪಾಸಣೆ ನೋಡುವುದು ನಿಂತ ಕಾರಿನ ಹೊಗೆಯನ್ನು; ಕಮಲಾಪುರದ ಏರುದಾರಿಯಲ್ಲಿ ಭಾರ ಹೊತ್ತು ಓಡುವಾಗ ಮಿಸ್ ಹೊಡೆಯುವ ಎಂಜಿನ್ ಅಲ್ಲಿ ಪಾಸಾಗಿಬಿಡಬಹುದು.

ತಪ್ಪು ರಿಪೇರಿ ಅಪಾಯವನ್ನು ಹೆಚ್ಚಿಸುತ್ತದೆ. ಪಿ0118 ಎಂಬ ಕೋಡ್ ಹೇಳುವುದು ಉಷ್ಣತಾ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ; ಸೆನ್ಸರೇ ಕೆಟ್ಟಿದೆ ಎಂದಲ್ಲ. ಕೋಡ್ ಅಳಿಸಿದರೆ ದೀಪ ಆರುತ್ತದೆ, ಜೊತೆಗೆ ಗಣಕ ಮಾಡಿಟ್ಟ ಸ್ವಯಂಪರೀಕ್ಷೆಯ ದಾಖಲೆಯೂ ಅಳಿಯುತ್ತದೆ. ಇಂಧನ ಪಂಪಿನ 15 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತದೆಂದು 30ರದ್ದು ಹಾಕಿದರೆ ತಂತಿಯಲ್ಲಿ ಎರಡು ಪಟ್ಟು ವಿದ್ಯುತ್ ಹರಿಯಲು ದಾರಿಯಾಗುತ್ತದೆ, ಶಾಖ ನಾಲ್ಕು ಪಟ್ಟಾಗುತ್ತದೆ. ಆ ತಂತಿ ಹೋಗುವುದು ಪೆಟ್ರೋಲ್ ಟ್ಯಾಂಕಿಗೆ.

ಸರಿಯಾದ ಕ್ರಮ ಕಷ್ಟದ್ದಲ್ಲ. ಮೊದಲು ಬ್ಯಾಟರಿ: ಎಂಜಿನ್ ಆರಿದಾಗ 12.6 ವೋಲ್ಟ್, ಓಡುವಾಗ 14ರ ಆಸುಪಾಸು. ಆಮೇಲೆ ಪಂಪ್ ಓಡುತ್ತಿರುವಾಗಲೇ ಬ್ಯಾಟರಿಯಿಂದ ಪಂಪಿನವರೆಗೆ, ಪಂಪಿನಿಂದ ಅರ್ತ್‌ವರೆಗೆ ಮಲ್ಟಿಮೀಟರ್ ಹಿಡಿದು ಎಷ್ಟು ವೋಲ್ಟ್ ಕಳೆಯುತ್ತಿದೆ ಎಂದು ಅಳೆಯಬೇಕು. ಕನೆಕ್ಟರ್ ಬಿಚ್ಚಿ ಪಿನ್ನು ನೋಡಬೇಕು, ತಂತಿ ಅಲುಗಿಸಿ ಅಳತೆ ಬದಲಾಗುತ್ತದೆಯೇ ಗಮನಿಸಬೇಕು. ಹೊಸ ಸೆನ್ಸರ್ ಕೊಳ್ಳುವ ಮಾತು ಇಷ್ಟೆಲ್ಲ ಆದ ಮೇಲೆ.

ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಸ್ಕ್ಯಾನರ್ ಸಾಕೆಟ್ ಕಡ್ಡಾಯ. ಹಲವು ರಾಜ್ಯಗಳ ಹೊಗೆ ತಪಾಸಣೆಯಲ್ಲಿ ಅದನ್ನೇ ಓದುತ್ತಾರೆ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಕಾರು ಪಾಸಾಗುವುದಿಲ್ಲ. ನಮ್ಮ ಬಿಎಸ್-6 ಕಾರುಗಳಲ್ಲೂ ಆ ಸಾಕೆಟ್ ಇದೆ. ಪಿಯುಸಿ ಕೇಂದ್ರದಲ್ಲಿ ಕೊಳವೆಗೆ ನಳಿಕೆ ಇಡುವ ಹೊತ್ತಿಗೇ ಸ್ಕ್ಯಾನರನ್ನೂ ಜೋಡಿಸಿದರೆ, ಕನ್ವರ್ಟರ್ ಕರಗುವ ಮುಂಚೆಯೇ ದೋಷ ಕೈಗೆ ಸಿಗುತ್ತದೆ. ಕಾರು ಈಗಾಗಲೇ ಅಳೆದಿಟ್ಟ ಮಾಹಿತಿಯನ್ನು ಓದದೆ ಬಿಡುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.